ಬ್ಯಾಟರಿ ಸತ್ತ ಪೆಟ್ಟಿಗೆ

ಮೂವತ್ತು ಪೌಂಡಿಗೆ ಕೊಂಡದ್ದು, ಒಂದು ಭಾನುವಾರ,
ಕಾರಿನ ಡಿಕ್ಕಿ ತೆರೆದು ಹಳೇ ಸಾಮಾನು ಮಾರುವ ಮೈದಾನದಲ್ಲಿ.
ಹೊಲಿಗೆಯಂತ್ರ, ಎರಡು ಇಸ್ತ್ರಿಪೆಟ್ಟಿಗೆ, ನಡುವೆ ಇದು:
ಕಪ್ಪು ತಗಡು, ಹದಿನೇಳು ತಿರುಪು,
ತಿರುಪಿನ ನೆತ್ತಿಗೊಂದು ಬಿಳಿ ಗೀರು.
ಕೀಲಿಮಣೆ ಎಲ್ಲಿ ಅಂದೆ.
“ಇರಲೇ ಇಲ್ಲ ಕಣಮ್ಮ. ನೆನಪಿನ ಬ್ಯಾಟರಿಯೂ ಸತ್ತಿದೆ,
ಆರಿಸಿದರೆ ಎಲ್ಲ ಮರೆಯುತ್ತೆ, ನನ್ನ ಹಾಗೆ.”

ಶೆಫೀಲ್ಡಿನ ವಾಕ್ಲಿ, ಏರುಬೀದಿ, ಸಾಲುಮನೆ.
ಗೋಡೆ ಎಷ್ಟು ತೆಳುವೆಂದರೆ
ಪಕ್ಕದ ಮನೆಯ ಮೊರೀನ್ ಸ್ಟಾನಿಫೋರ್ತ್
ಚಹಾಕ್ಕೆ ಸಕ್ಕರೆ ಕದಡುವುದು ಎಷ್ಟು ಸುತ್ತು ಎಣಿಸಬಹುದು.
ಒಂಬತ್ತು.

ಹಗಲು ನಾನು ಆಸ್ಪತ್ರೆಯಲ್ಲಿ ಕಿವಿ ಅಳೆಯುವವಳು.
ಗಾಜಿನ ಕೋಣೆಯಲ್ಲಿ ಕೂತವರಿಗೆ
ದನಿಯ ಒಂದೊಂದೇ ಹನಿ ಹಾಕುತ್ತೇನೆ:
ಕೇಳಿಸಿತೇ? ಗುಂಡಿ ಒತ್ತಿ. ಈಗ? ಈಗ?
ಕೇಳಿಸದೆಯೂ ಒತ್ತುವವರಿದ್ದಾರೆ,
ಮೇಷ್ಟರ ಮುಖ ನೋಡಿಕೊಂಡು ಮಗ್ಗಿ ಒಪ್ಪಿಸುವ ಹುಡುಗರ ಹಾಗೆ.

ರಾತ್ರಿ, ಇದು.
ಕಂಪ್ಯೂಟರಿಗೆ ಕಟ್ಟಲಿಲ್ಲ. ಪರದೆ ಕಣ್ಣನ್ನು ಕರೆಯುತ್ತದೆ,
ಕಣ್ಣು ಹೋದಲ್ಲಿಗೆ ಕಿವಿ ಬಾಲದಂತೆ ಹೋಗುತ್ತದೆ.
ಕೀಲಿಮಣೆ ಕೊಳ್ಳಲಿಲ್ಲ. ಕೊಂಡರೆ ಬೆರಳು ಹಾಡು ಬೇಡುತ್ತದೆ.
ಹಿಂದುಗಡೆಯ ತೂತಿಗೊಂದು ವಯರು ಸಿಕ್ಕಿಸಿದೆ,
ಬಾಗಿಲು ಸದಾ ತೆರೆದೇ ಇರಲೆಂದು.
ಒಂದೇ ಸ್ವರ, ಮಂದ್ರದ ತಳದಲ್ಲಿ, ಉಸಿರು ತಗೊಳ್ಳದೆ.

ತಂಬೂರಿ ಅನ್ನಬೇಡಿ.
ಮೈಸೂರಿನ ಗೆಳತಿ ಹಾಗಂದಳು, ಫೋನಿಟ್ಟೆ.
ತಂಬೂರಿಗೆ ಹಾಡುವವರ ಹಂಗಿದೆ.
ಇದಕ್ಕೆ ಯಾರ ಹಂಗೂ ಇಲ್ಲ, ಅದೇ ಇದರ ಕಷ್ಟ.

ಮೂರನೆಯ ತಿರುಪು ಎರಡು ದನಿಗಳ ಜಗಳ.
ಕೂದಲೆಳೆಯಷ್ಟು ತಿರುಗಿಸಿದರೆ ಮಿಡಿತ,
ಇನ್ನಷ್ಟಕ್ಕೆ ಗರಗರ,
ಮತ್ತೂ ತಿರುಗಿಸಿದರೆ ಇಬ್ಬರೂ ಬೇರೆ ಮನೆ ಮಾಡುತ್ತಾರೆ.
ಏಳನೆಯದು ಜರಡಿ; ಅಂಚು ಕಚ್ಚಿದ ಕಡೆ ಸಿಳ್ಳೆ.
ಹನ್ನೆರಡನೆಯದು ಏನೆಂದು ತಿಂಗಳಾದರೂ ತಿಳಿದಿಲ್ಲ,
ದಿನಾ ಮಾತಾಡಿಸುತ್ತೇನೆ, ಅಷ್ಟೆ.

ಒಂದು ರಾತ್ರಿ ಬಾಗಿಲಲ್ಲಿ ಮೊರೀನ್,
ಎಂಬತ್ತೊಂದು ವರ್ಷ, ಮೇಲಂಗಿಯ ಒಂದು ಗುಂಡಿ ತಪ್ಪಿ ಹಾಕಿದೆ.
ಬೈಯಲು ಬಂದಳೆಂದುಕೊಂಡೆ.
ಸದ್ದು ಕಿವಿಗಲ್ಲ, ಮಂಚದ ಕಾಲಿಗೆ ಬಂತಂತೆ.
“ನಿನ್ನ ಚಕ್ರಕ್ಕೆ ತೂಕ ಇಲ್ಲ” ಅಂದಳು.

ಹದಿನೈದಕ್ಕೇ ಕೆಲಸಕ್ಕೆ ಸೇರಿದವಳು,
ಚಮಚಗಳಿಗೆ ಹೊಳಪು ಕೊಡುವ ಕಾರ್ಖಾನೆ.
ಮೈಗೆ ಕಂದು ಕಾಗದ, ತಲೆಗೆ ಕೆಂಪು ಬಟ್ಟೆ,
ಸಾಲಾಗಿ ಹದಿನಾರು ಹುಡುಗಿಯರು, ಹದಿನಾರು ಚಕ್ರ,
ಅದರ ಮೇಲೆ ಅವರ ಬೈಗುಳ.
“ಚಮಚ ತಾಗಿದಾಗ ಚಕ್ರ ಒಂಚೂರು ಕುಗ್ಗುತ್ತೆ,
ಬಸುರಿ ಮೆಟ್ಟಿಲು ಹತ್ತಿದ ಹಾಗೆ.
ನಿನ್ನದು ಕುಗ್ಗೋದೇ ಇಲ್ಲ.”

ಅವಳ ಕಿವಿಯ ನಕ್ಷೆ ನಾನು ನೋಡಬೇಕಾಗಿರಲಿಲ್ಲ.
ನಾಲ್ಕು ಸಾವಿರದ ಹತ್ತಿರ ಒಂದು ಹಳ್ಳ.
ಇಂಥ ಹಳ್ಳ ಈ ಊರಲ್ಲಿ ದಿನಕ್ಕೆ ಮೂರು ಬರೆಯುತ್ತೇನೆ.
ಅವಳು ಹುಡುಕುವ ಸದ್ದೇ
ಅದನ್ನು ಕೇಳುವ ಜಾಗವನ್ನು ತಿಂದು ಮುಗಿಸಿದೆ.

ಹಾಗಾಗಿ ಅಂಗೈ.
ಎಡದ್ದು ಸ್ಪೀಕರಿನ ಬಟ್ಟೆಯ ಮೇಲೆ, ಬಲದ್ದು ತಿರುಪಿಗೆ.
ಕನ್ನಡಕ ಬೇಡವೆಂದಳು, ಹೆಸರುಗಳೂ ಬೇಡ.
ಆ ಹನ್ನೆರಡನೆಯದನ್ನು, ನನಗೆ ಗೊತ್ತಿಲ್ಲದ್ದನ್ನು,
ಮುಕ್ಕಾಲು ತಿರುಗಿಸಿದಳು.
ದನಿ ಕುಗ್ಗಿತು. ಎದ್ದಿತು. ಮತ್ತೆ ಕುಗ್ಗಿತು.
“ಹಾಂ, ಈಗ ಚಮಚ ಬಂತು.”
ಮೇಲೆಲ್ಲೋ ಒಂದು ಕಿರುಚು, ನನ್ನ ಹಲ್ಲು ಜುಮ್ಮೆಂದಿತು;
ಅವಳು ಆರಾಮಾಗಿ ಕೂತಿದ್ದಳು.

ಕರೆಂಟು ಬಿಲ್ಲಿನ ಹಿಂದೆ
ಪೆನ್ಸಿಲಿನಲ್ಲಿ ಹದಿನೇಳು ಸೊನ್ನೆ ಸುತ್ತಿದೆ,
ಒಂದೊಂದರೊಳಗೆ ಒಂದೊಂದು ಗೀರು,
ನಿಮಿಷದ ಮುಳ್ಳು ಕಳಕೊಂಡ ಗಡಿಯಾರಗಳು.
ಆಮೇಲೆ ಸ್ವಿಚ್ಚು ಆರಿಸಿದೆ.

ಮರುದಿನ ಚೀಟಿ ಹಿಡಿದು ಎಲ್ಲವನ್ನೂ ಇದ್ದಲ್ಲಿಗೇ ತಂದೆ.
ಚಕ್ರ ತಿರುಗಿತು.
ಚಮಚ ಬರಲಿಲ್ಲ.
ಗೋಡೆಯಾಚೆ ಒಂಬತ್ತು ಸುತ್ತು ಮುಗಿದು
ಬಟ್ಟಲಿನ ಅಂಚಿಗೆ ಟಿಣ್ ಎಂದದ್ದು ಕೇಳಿಸಿತು, ನನಗೆ.
ಬೆರಳಿನಿಂದಲ್ಲ, ಅಂಗೈಯಿಂದ,
ಮಂಚದ ಕಾಲಿಗೆ ತಲುಪುವ ಹಾಗೆ,
ಗೋಡೆ ಬಡಿದೆ.