ಒಂಬತ್ತನೇ ದಿನದ ಉಂಗುರ

ಮತ್ತಿಕೆರೆಯಿಂದ ನಡೆದೇ ಬರುತ್ತಾಳೆ ಪಿಳ್ಳಮ್ಮ.
ಏಳೂವರೆಗೆ ತೊಳೆಯುವ ಕೋಣೆಯ ನಲ್ಲಿ ತಿರುಗುತ್ತದೆ.
ನಿನ್ನೆಯ ನಮ್ಮ ಅನುಮಾನಗಳೆಲ್ಲ ತೊಟ್ಟಿಯಲ್ಲಿ ತಲೆಕೆಳಗು:
ಕೊಳವೆ, ಬೀಕರು, ಕತ್ತು ಕಿರಿದಾದ ಫ್ಲಾಸ್ಕು.
ಬೆಂದ ಸಾರಿನ ವಾಸನೆ ಉಗಿಯಲ್ಲಿ,
ನಾವು ಬ್ಯಾಕ್ಟೀರಿಯಾಕ್ಕೆ ಬಡಿಸುವ ಸಾರು.
"ಉಪ್ಪು ಸಾಲ್ದು ನಿಮ್ಮಡಿಗೇಗೆ" ಅನ್ನುತ್ತಾಳೆ, ಬರೀ ಮೂಸಿ.

ಒಮ್ಮೆ ಟೀ ಕುಡಿಯುವಾಗ ಹೇಳಿದ್ದೆ:
ಹೊರಗಿನ ಸುದ್ದಿ ಹೊಸ್ತಿಲಲ್ಲೇ ನಿಲ್ಲುತ್ತದೆ ಪಿಳ್ಳಮ್ಮ,
ಹಸಿವೋ, ಬಿಸಿಯೋ, ಗೋಡೆ ಸಿಕ್ಕಿತೆಂಬುದೋ.
ಒಳಗೆ ಓಡಿ ಮೂಲೆಮೂಲೆಗೆ ಮುಟ್ಟಿಸುವುದು
ಬೇರೊಂದು ಪುಟ್ಟ ಅಣು, ಎರಡನೇ ಓಲೆಕಾರ.
ಎರಡು ತುಂಡು, ಒಂದರ ತುದಿ ಒಂದು ಕಚ್ಚಿ
ಉಂಗುರವಾದರೆ ಅದೇ ಸುದ್ದಿ.
ಉಂಗುರ ಹೆಚ್ಚಿದರೆ ಈಜುವ ಬಾಲ ಸುಮ್ಮನಾಗುತ್ತದೆ,
ಮೈಯೆಲ್ಲ ಅಂಟು ಒಸರಿ, ಪಕ್ಕಕ್ಕೆ ಪಕ್ಕ ಕೂತು
ಲೋಳೆಯ ಸೂರು ಎತ್ತುತ್ತವೆ.
ಉಂಗುರ ಕಡಿದರೆ ಗುಳೆ.

ಕಟ್ಟುವ ಕಿಣ್ವಕ್ಕೆ ಐದಕ್ಷರದ ಗುರುತು,
ಕಡಿಯುವುದಕ್ಕೆ ಮೂರು.
ಕೆಲವೊಮ್ಮೆ ಎರಡೂ ಒಂದೇ ಮೈಯಲ್ಲಿ.
ಯಾವ ಕೈ ಯಾವಾಗ ಎದ್ದೀತೆಂದು
ನಾಲ್ಕು ವರ್ಷದಿಂದ ಕಾಯುತ್ತಿದ್ದೇನೆ.

"ಅಷ್ಟೇನಾ? ನಮ್ಮ ವಠಾರದ ಓನರಮ್ಮನೂ ಅಂಗೇ.
ಬಾ ತಾಯಿ ಇರು ಅಂತಾಳೆ,
ಅನ್ನೊಂದ್ ತಿಂಗ್ಳು ತುಂಬುದ್ರೆ ಗೇಟಿಗೆ ಬೋಲ್ಡು."
ಹೋಲಿಕೆ ಸರಿಯಿಲ್ಲವೆಂದು ವಾದಕ್ಕಿಳಿಯುವಷ್ಟರಲ್ಲಿ
ಆಟೋಕ್ಲೇವ್ ಕೂಗಿತು, ಎದ್ದು ಹೋದಳು.

ಮಾರ್ಚಿನಲ್ಲಿ ನಾನು ಮೂರಕ್ಷರದ ಕೈಯನ್ನು ಕತ್ತರಿಸಿದೆ.
ಯಾರಿಗೂ ಕಾಯಿಲೆ ತರದ, ಮಣ್ಣಿನ ಬಡಪಾಯಿ ಜೀವಿಯದು.
ಎರಡು ಫ್ಲಾಸ್ಕು: ಒಂದರಲ್ಲಿ ಇದ್ದಹಾಗೇ ಇದ್ದವು,
ಒಂದರಲ್ಲಿ ಬಿಚ್ಚಲು ಮರೆತವು.
ಒಂಬತ್ತು ದಿನ ಅಲುಗಾಡಿಸದೆ ಇಟ್ಟೆ.
ಭಾನುವಾರ ಕರೆಂಟು ಹೋದಾಗ
ಜನರೇಟರಿನ ಪಕ್ಕ ಬಾಣಂತಿ ಕಾಯ್ದಂತೆ ಕೂತೆ.

ಒಂಬತ್ತನೇ ದಿನವೇ ಹೆಬ್ಬಾಳದ ಸೇತುವೆ ಮೇಲೆ ಲಾರಿ ಕೆಟ್ಟು
ಬಂದಾಗ ಹತ್ತಾಗಿತ್ತು.
ಪೆಟ್ಟಿಗೆ ಖಾಲಿ.
ಬೆವೆತ ಗಾಜಿನ ಮೇಲೆ ಮಾರ್ಕರಿನ ಬರಹ ಅಳಿಸಿಹೋಗಿ
ಬಿಸಾಕುವುದೆಂದುಕೊಂಡರಂತೆ ಯಾರೋ.
ಒಣಗುವ ಗೂಟದಲ್ಲಿ ಒಂದು ಫ್ಲಾಸ್ಕು ಫಳಫಳ ತೂಗುತ್ತಿತ್ತು,
ತಳದಲ್ಲಿ ನಾನೇ ವಜ್ರದ ಮೊನೆಯಿಂದ ಗೀಚಿದ ಸೊನ್ನೆ.
ಬೈಗುಳವೊಂದು ನಾಲಗೆಯವರೆಗೂ ಬಂತು.

ಪಿಳ್ಳಮ್ಮ ಸ್ಟೂಲಿನ ಮೇಲೆ ಕೂತಿದ್ದಳು,
ಮಡಿಲಲ್ಲಿ ಇನ್ನೊಂದು.
"ಅದು ಒಂದು ಕುಲುಕಿಗೇ ಬುಡ್ತು ಕಣವ್ವ.
ಇದು ಓಯ್ತಾನೇ ಇಲ್ಲ.
ಸೋಪಾಕ್ದೆ, ಬ್ರಶ್ಶಾಕ್ದೆ, ತೆಂಗಿನ್ ನಾರೂ ಆಕ್ದೆ.
ನಮ್ಮ ಸಂಪಿನ ಗೋಡೆಗಿಂತ್ಲೂ ಅಟಮಾರಿ."
ಸಾರು ಗಾಳಿಯನ್ನು ಮುಟ್ಟಿದ ಎತ್ತರದಲ್ಲಿ, ಗಾಜಿನ ಸುತ್ತ
ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿ
ಒಂದು ಮಾಸಲು ಉಂಗುರ.
ಅವಳ ತೋರುಬೆರಳ ಗಿಣ್ಣು ತರಚಿತ್ತು.

ಬೈಗುಳ ನುಂಗಿ ನೋಟ್‌ಬುಕ್ ತೆರೆದೆ.
ಕುಲುಕು: ಸೊನ್ನೆ ಬಿಟ್ಟಿತು, ಕತ್ತರಿಸಿದ್ದು ಬಿಡಲಿಲ್ಲ.
ಸೋಪು: ಬಿಡಲಿಲ್ಲ. ಬ್ರಶ್ಶು: ಬಿಡಲಿಲ್ಲ.
ತೆಂಗಿನ ನಾರು: ಅಂಚಿನಲ್ಲಿ ಚೂರು.
'ಬಲ' ಎಂಬ ಕಾಲಮಿನಲ್ಲಿ ಏನು ಬರೆಯಲಿ?
ಪಿಳ್ಳಮ್ಮನ ಬಲಗೈ ಎಂದು ಬರೆದೆ,
ಹೊಡೆದುಹಾಕಿದೆ, ಕೆಳಗೆ ಮತ್ತೆ ಬರೆದೆ.
ಗೈಡು ಒಪ್ಪುವುದಿಲ್ಲ. ಮೂರು ಸಲ ಮಾಡಿ ತೋರಿಸು ಎನ್ನುತ್ತಾರೆ,
ಇನ್ನೂ ಇಪ್ಪತ್ತೇಳು ದಿನ.

ನಲ್ಲಿ ಸಣ್ಣಗೆ ಸುರಿಯುತ್ತಲೇ ಇದೆ.
ಬೆಳಕಿಗೆ ಫ್ಲಾಸ್ಕು ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ
ಅವಳು ಕೇಳುತ್ತಾಳೆ:
"ಇನ್ನೊಂದ್ ಕಿತ ಉಜ್ಲಾ, ಬ್ಯಾಡ್ವಾ?"