ಕಾಟಾದ ಮೇಲೆ ತಿಲ್ಯಾರ್

ಯುಗಾದಿ ಹೊತ್ತಿಗೇ ಹೊರಟುಹೋಗಬೇಕಿತ್ತು.
ಇವತ್ತು ಕೃತ್ತಿಕಾ ಮಳೆಯ ಕಡೇ ದಿನ, ಹೆಸರಿಗಷ್ಟೇ ಮಳೆ.
ಕಪನೂರಿನ ಬೇಳೆ ಮಿಲ್ಲಿನ ಹಿಂದೆ
ತೊಗರಿ ನುಚ್ಚು ಚೆಲ್ಲುವ ಜಾಗದಲ್ಲಿ
ಪಾರಿವಾಳಗಳ ಕಾಲಡಿ ನುಸುಳುತ್ತ
ಒಂದೇ ಒಂದು.

ತಲೆ ಕಪ್ಪು, ರೆಕ್ಕೆ ಕಪ್ಪು.
ನಡುವಿನ ಮೈ ಮಾತ್ರ
ಬಣ್ಣ ಬಿಡುವ ಕೆಂಪು ಸೀರೆಯೊಡನೆ
ಮರೆತು ನೆನೆಹಾಕಿದ ಬಿಳಿ ಬನೀನು.

ತೂಕದ ಖೋಲಿಯ ಕಿಟಕಿಯಿಂದ ಕೂಗಿದೆ:
"ಚಾಂದಪಾಶಾ ಚಾಚಾ, ಅಲ್ಲಿ ನೋಡ್ರಿ."
ಚೀಲ ಹೊತ್ತವನ ಕತ್ತು ತಿರುಗುವುದಿಲ್ಲ,
ಇಡೀ ಆಳೇ ತಿರುಗಿ ನಿಂತ.
"ತಿಲ್ಯಾರ್! ಇನ್ನಾ ಹೋಗಿಲ್ಲೇನ್ ಇದು?"
ಎಲ್ಲಿಗೆ ಹೋಗ್ತಾವ ಅಂದರೆ
"ನಮ್ಮ ಲಾರಿ ಅಲ್ಲಿತನ ಹೋಗಲ್ಲವ್ವಾ" ಅಂದ.

ಇವುಗಳದೊಂದು ಹಳೇ ಲೆಕ್ಕ ನನ್ನಲ್ಲಿದೆ.
ಎಳ್ಳಮಾಸಿ ಕಳೆದು ಬಿಳಿಜೋಳ ಹಾಲುಗಟ್ಟುವಾಗ
ಮೋಡದ ನೆರಳು ಇಳಿದಂತೆ ಇಳಿಯುತ್ತಿದ್ದವು.
ಅಟ್ಟದ ಮೇಲೆ ಅವ್ವ
ಕವಣೆ ಬೀಸಿ ಬೀಸಿ ಬಲಗೈ ಸೋತು
ಎಡಗೈ ಎತ್ತಿ ಬೈಯುತ್ತಿದ್ದಳು:
ನಿಮ್ಮ ಹಿಂಡು ಹಾಳಾಗ್ಲಿ, ಒಂದೂ ಉಳೀಬ್ಯಾಡ್ರಿ.
ಎಣ್ಣೆ ಡಬ್ಬ ಬಡಿಯುವುದು ನನ್ನ ಪಾಲು.
ಎಣಿಸಿದವರಿಲ್ಲ ಆಗ.
ಸುಲಿಯಲು ಬಂದವರನ್ನು ಯಾರು
ಒಬ್ಬೊಬ್ಬರನ್ನಾಗಿ ನೋಡುತ್ತಾರೆ?

ಈಗ ಕಾಣುತ್ತದೆ:
ಎಡಗಾಲು ನೆಲಕ್ಕೆ ಊರುವುದಿಲ್ಲ.
ಕೊಕ್ಕಿನ ಬುಡದಲ್ಲಿ ಮಸಿ ತಾಗಿದಷ್ಟು ಕಪ್ಪು.
ಗಾಳಿಗೆ ಎದ್ದ ಜುಟ್ಟು
ಗಾಳಿ ನಿಂತ ಮೇಲೂ ಕೂರುವುದಿಲ್ಲ.

ಅವ್ವನಿಗೆ ಫೋನು ಮಾಡಿದೆ.
"ಹೊಡಿ ಅದಕ್ಕ" ಅಂದಳು.
ಆಮೇಲೆ ಬಹಳ ಹೊತ್ತು ಅಲ್ಲಿಯ ಫ್ಯಾನಿನ ಸದ್ದು.
"ಒಂದ ಅಂತಿ... ಉಳಿದವು ಬಿಟ್ಟು ಹೋದವೇನು?"

ಮೂರು ಗಂಟೆ. ಲಾರಿ ಬಾರದ ಹೊತ್ತು.
ಕುಂಟುತ್ತ ಬಂದು ಕಾಟಾದ ನಟ್ಟನಡುವೆ ನಿಂತಿತು.
ಕಾದ ಕಬ್ಬಿಣ; ಕಾಲು ಬದಲಿಸಲೂ ಆಗದು ಅದಕ್ಕೆ.
ಖೋಲಿಯೊಳಗೆ ಕೆಂಪು ಅಂಕಿ ಸೊನ್ನೆಯಲ್ಲೇ ಇತ್ತು,
ಕದಲಲಿಲ್ಲ.
ನನ್ನ ಬಾಟ್ಲಿಯ ನೀರು ಮುಚ್ಚಳಕ್ಕೆ ಬಗ್ಗಿಸಿ
ಹೊರಗಿಟ್ಟು ಬರುವಷ್ಟರಲ್ಲಿ
ಹಾರಿ ಗೋಡೆ ಮೇಲೆ ಕೂತಿತ್ತು.

ಆದರೂ ಚೀಟಿ ಹರಿದೆ.
ಗಾಡಿ ನಂಬರಿಗೆ ಅಡ್ಡಗೀಟು.
ಮಾಲು, ಅಡ್ಡಗೀಟು.
ತೂಕ ಬರೆಯಲು ಕೈ ಬರಲಿಲ್ಲ.
ಹೊರಹೋದ ವೇಳೆಯನ್ನು ಖಾಲಿ ಬಿಟ್ಟು
ಮೊಳೆಗೆ ಚುಚ್ಚಿದೆ,
ಬಾಕಿ ಚೀಟಿಗಳ ಜೊತೆ.