ಬ್ಯಾಡ್ಜು

ಸೊಹಾರಿನ ಕ್ಲಿನಿಕ್‌ದಾಗ
ಮೂರನೇ ಸಲ ನನ್ನ ಬ್ಯಾಡ್ಜು ಬದಲಾತು.
ಹುಮನಾಬಾದದಾಗ ಸ್ಟಾಫ್ ನರ್ಸ್ ಇದ್ದಾಕಿ
ಇಲ್ಲಿ ಅಸಿಸ್ಟೆಂಟ್:
ಮೂರು ವರ್ಷದ ಡಿಪ್ಲೊಮಾ, ಸೀಲು ಮಸಕು,
ತಪಾಸಣಿಗೆ ಹೋದ ಕಾಗದ
ಯಾವ ದೇಶದಾಗ ಕುಂತದೋ.

ಮನಿಲಾದ ಮಾರಿಸೆಲ್‌ದು ನಾಕು ವರ್ಷದ ಡಿಗ್ರಿ,
ಆಕೀದೂ ಇದೇ ಬ್ಯಾಡ್ಜು.
ತನ್ನ ಊರಾಗ ಹೆರಿಗಿನೂ ಮಾಡಸ್ತಿದ್ದಳಂತ.
ಈಗ ಇಬ್ಬರೂ ಬಿಪಿ ಬರೀತೀವಿ,
ಟ್ರೇ ತೊಳೀತೀವಿ,
ಟುನಿಸಿನಾಕಿ ಬಂದು ಸಹಿ ಹಾಕ್ತಾಳ.

ಮೀನಗಾರರ ಓಣಿಯ ಮೌಝಾ ಅಜ್ಜಿ,
ಸಕ್ಕರಿ ಬ್ಯಾನಿ, ಹಿಮ್ಮಡಿ ಗಾಯ.
ಪಟ್ಟಿ ಬಿಚ್ಚುವಾಗ ನನ್ನ ಬ್ಯಾಡ್ಜು ಜಗ್ಗಿ
ಕಣ್ಣಿನ ಹಂತ್ಯಾಕ ಹಿಡದು
ಓದ್ಲಾಕ ಬರದ ಅಕ್ಷರ
ಹೆಬ್ಬಟ್ಟಿಲೆ ಒರಸಿದಳು,
ಧೂಳಂತ ತಿಳಕೊಂಡು.

'ದೊಕ್ತೋರಾ' ಅಂದಳು.

ಅಲ್ಲ ಅನ್ಲಾಕ
ಅಷ್ಟು ಅರಬ್ಬಿ ನನಗೂ ಬರ್ತದ.
ಅನ್ನಲಿಲ್ಲ.